ಮನೆಯ ಕೈಗೆಲಸ: ಪೆಟ್ಟಿಗೆಯೊಳಗಣ ಗಣಕಯಂತ್ರ



ಅಟ್ಟದ ಮೇಲೆ ಹಳೆಯ ಪೆಟ್ಟಿಗೆಯೊಂದಿಲ್ಲದ ಮನೆಯು ನಮ್ಮಲ್ಲಿ ಅಪೂರ್ವವೆಂದೇ ಹೇಳಬೇಕು. ಹಿರಿಯರು ಕಚೇರಿಗೆ ಕೊಂಡೊಯ್ಯುತ್ತಿದ್ದ ಕೈಪೆಟ್ಟಿಗೆ, ಮದುವೆಯಲ್ಲಿ ಬಂದ ಸೂಟ್‌ಕೇಸು, ಹಾರ್ಮೋನಿಯಮ್ಮು ಕೆಟ್ಟುಹೋದಮೇಲೆ ಬರಿದಾಗಿ ಉಳಿದ ಅದರ ಮರದ ಗೂಡು,—ಇಂಥವುಗಳನ್ನು ಬಿಸಾಡುವುದಕ್ಕೆ ಮನಸ್ಸು ಬಾರದು. ಇಟ್ಟುಕೊಳ್ಳುವುದಕ್ಕೆ ಕಾರಣವೂ ತೋರದು. ಅಂತಹ ಪೆಟ್ಟಿಗೆಯೊಂದಕ್ಕೆ ಹೊಸ ಉದ್ಯೋಗವನ್ನು ಕೊಡುವ ಬಗೆಯನ್ನು ಈ ತಿಂಗಳು ವಿವರಿಸಬೇಕೆಂದಿದ್ದೇವೆ. ಮೇಜಿನ ಮೇಲಿಡುವ ಗಣಕಯಂತ್ರವನ್ನು, ಎಂದರೆ ಡೆಸ್ಕ್‌ಟಾಪ್ ಕಂಪ್ಯೂಟರನ್ನು, ಪರದೆಯ ಸಹಿತವಾಗಿ ಅದರೊಳಗೆ ಅಡಕಮಾಡಿ, ಹಿಡಿಯನ್ನು ಹಿಡಿದು ಊರಿಂದೂರಿಗೆ ಒಯ್ಯುವಂತೆ ಮಾಡುವುದೇ ಆ ಉದ್ಯೋಗ.

ಲ್ಯಾಪ್‌ಟಾಪು ಮನೆಮನೆಗೂ ಬಂದಿರುವಾಗ ಈ ಪ್ರಯಾಸವೇತಕ್ಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಬಸ್ಸಿನಲ್ಲಿಯೂ ರೈಲಿನಲ್ಲಿಯೂ ತೊಡೆಯ ಮೇಲಿಟ್ಟುಕೊಂಡು ಕೆಲಸಮಾಡಬೇಕಾದವರಿಗೆ ಲ್ಯಾಪ್‌ಟಾಪಿಗಿಂತ ಮೇಲಾದುದಿಲ್ಲ. ನಾವು ಹೇಳುವ ಪೆಟ್ಟಿಗೆಯಲ್ಲಿ ಬ್ಯಾಟರಿಯಿರುವುದಿಲ್ಲ. ಗೋಡೆಯಲ್ಲಿ ಸಾಕೆಟ್ಟು ಇಲ್ಲದ ಕಡೆ ಅದು ಬರಿಯ ಭಾರ. ಆದರೆ ಕೆಲವು ವರ್ಷಗಳಿಗೊಮ್ಮೆ ವರ್ಗವಾಗುವ ನೌಕರರು, ವಾರದ ದಿನಗಳಲ್ಲಿ ಪಟ್ಟಣದಲ್ಲಿಯೂ ಭಾನುವಾರ ಹಳ್ಳಿಯ ಮನೆಯಲ್ಲಿಯೂ ಇರುವವರು, ಹಾಸ್ಟೆಲಿಗೆ ಹೋಗಿಬರುವ ವಿದ್ಯಾರ್ಥಿಗಳು,—ಇವರಿಗೆ ಬೇಕಾದುದು ದಾರಿಯಲ್ಲಿ ನಡೆಯುವ ಯಂತ್ರವಲ್ಲ. ಒಂದು ಮೇಜಿನಿಂದ ಮತ್ತೊಂದು ಮೇಜಿಗೆ ಹೋಗುವ ಯಂತ್ರ. ಅಲ್ಲದೆ, ಇತ್ತೀಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡಿಗೆ ಬೆಸೆದೇ ಬಿಟ್ಟಿರುತ್ತಾರೆ. ಒಂದು ಭಾಗ ಕೆಟ್ಟರೆ ಇಡೀ ಯಂತ್ರವನ್ನು ಮೂಲೆಗೆ ಹಾಕಬೇಕಾಗುವ ಪ್ರಸಂಗಗಳು ಬರುತ್ತವೆ. ಡೆಸ್ಕ್‌ಟಾಪಿನ ಭಾಗಗಳಾದರೋ ಬಿಡಿಬಿಡಿಯಾಗಿ ದೊರೆಯುವವು. ಮೆಮೊರಿ ಸಾಲದಿದ್ದರೆ ಮೆಮೊರಿಯನ್ನು, ಫ್ಯಾನು ನಿಂತರೆ ಫ್ಯಾನನ್ನು, ಗೃಹಸ್ಥನು ತಾನೇ ತಿರುಪುಳಿಯನ್ನು ಹಿಡಿದು ಬದಲಿಸಬಹುದು. ಇದೇ ಈ ಕೆಲಸದ ನಿಜವಾದ ಲಾಭ.

ಈ ಯೋಚನೆಯು ಹೊಸದೇನೂ ಅಲ್ಲ. ೧೯೭೫ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯವರು ‘೫೧೦೦’ ಎಂಬ ಯಂತ್ರವನ್ನು ಒಯ್ಯಬಹುದಾದ ಗಣಕವೆಂದು ಹೊರತಂದರು. ಅದರ ತೂಕ ಸುಮಾರು ೫೦ ಪೌಂಡು, ಎಂದರೆ ೨೩ ಕಿಲೋಗ್ರಾಮಿನ ಹತ್ತಿರ. ೧೯೮೧ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಆಡಂ ಆಸ್ಬರ್ನ್ ಎಂಬವರು, ಲೀ ಫೆಲ್ಸೆನ್‌ಸ್ಟೈನ್ ಎಂಬ ಎಂಜಿನಿಯರು ರಚಿಸಿಕೊಟ್ಟ ‘ಆಸ್ಬರ್ನ್ ೧’ ಎಂಬ ಯಂತ್ರವನ್ನು ಮಾರಾಟಕ್ಕೆ ತಂದರು. ನೋಡುವುದಕ್ಕೆ ಅದು ಸಾಕ್ಷಾತ್ ಪ್ರಯಾಣದ ಪೆಟ್ಟಿಗೆಯೇ. ಅದರ ಮುಚ್ಚಳವನ್ನು ಬಿಚ್ಚಿದರೆ ಮುಚ್ಚಳವೇ ಕೀಲಿಮಣೆ. ಒಳಗೆ ೫ ಅಂಗುಲದ ಪುಟ್ಟ ಪರದೆ, ಅದರ ಒಂದು ಸಾಲಿಗೆ ೫೨ ಅಕ್ಷರಗಳು. ತೂಕ ಸುಮಾರು ೧೧ ಕಿಲೋಗ್ರಾಂ, ಬೆಲೆ ೧,೭೯೫ ಡಾಲರು. ವಿಮಾನದಲ್ಲಿ ಆಸನದ ಕೆಳಗೆ ಹಿಡಿಸಬೇಕೆಂಬುದೇ ಅದರ ಗಾತ್ರಕ್ಕೆ ಅಳತೆಗೋಲಾಗಿತ್ತು. ಈ ಆಸ್ಬರ್ನರಿಗೂ ನಮ್ಮ ದಕ್ಷಿಣದೇಶಕ್ಕೂ ಒಂದು ಸಂಬಂಧವುಂಟು. ಅವರ ತಂದೆಯಾದ ಆರ್ಥರ್ ಆಸ್ಬರ್ನ್ ರಮಣ ಮಹರ್ಷಿಗಳ ಅನುಯಾಯಿಗಳಾಗಿ ತಿರುವಣ್ಣಾಮಲೆಯಲ್ಲಿ ನೆಲೆಸಿದ್ದವರು. ಮಗನ ಬಾಲ್ಯವೂ ತಮಿಳುನಾಡಿನಲ್ಲಿಯೇ ಕಳೆಯಿತು. ಅವರು ತೀರಿಕೊಂಡುದೂ ಕೊಡೈಕೆನಾಲಿನಲ್ಲಿಯೇ, ೨೦೦೩ರಲ್ಲಿ.

ಆಸ್ಬರ್ನರ ಕಂಪನಿಯು ೧೯೮೩ರಲ್ಲಿ ದಿವಾಳಿಯಾಯಿತು. ಆದರೆ ಅವರು ತೋರಿಸಿದ ದಾರಿ ಮುಚ್ಚಲಿಲ್ಲ. ೧೯೮೨ರ ನವೆಂಬರಿನಲ್ಲಿ ಕಾಂಪ್ಯಾಕ್ ಎಂಬ ಹೊಸ ಕಂಪನಿಯವರು ೯ ಅಂಗುಲದ ಪರದೆಯುಳ್ಳ, ೨೮ ಪೌಂಡು ತೂಗುವ ಪೆಟ್ಟಿಗೆಯಂತ್ರವನ್ನು ಪ್ರಕಟಿಸಿದರು. ಅದು ಬಹುಬೇಗ ಹೆಸರಾಯಿತು. ಆ ಕಾಲದ ಪರದೆಯು ಗಾಜಿನ ದಪ್ಪ ಕೊಳವೆಯಾಗಿದ್ದುದರಿಂದ ಅವರಿಗೆ ಭಾರವು ತಪ್ಪಲಿಲ್ಲ. ಈಗ ಪರದೆಯು ಹಲಗೆಯಂತೆ ತೆಳುವಾಗಿದೆ. ಮದರ್‌ಬೋರ್ಡು ಅಂಗೈಯಗಲಕ್ಕೆ ಇಳಿದಿದೆ. ಅಂದು ಕಾರ್ಖಾನೆಯವರಿಗೆ ದುಸ್ಸಾಧ್ಯವಾಗಿದ್ದುದು ಇಂದು ಮನೆಯಲ್ಲಿ ಕುಳಿತು ಮಾಡತಕ್ಕ ಕೆಲಸವಾಗಿದೆ. ಆರೇಳು ಕಿಲೋಗ್ರಾಮಿನೊಳಗೆ ಎಲ್ಲವನ್ನೂ ಅಡಗಿಸಬಹುದು.

ಹೀಗಿದ್ದರೂ, ಕೈಹಚ್ಚುವ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಚೆನ್ನಾಗಿ ಊರಿಸಿಕೊಳ್ಳತಕ್ಕದ್ದು. ಪೆಟ್ಟಿಗೆಯ ಧರ್ಮವು ಮುಚ್ಚುವುದು. ಯಂತ್ರದ ಧರ್ಮವು ಉಸಿರಾಡುವುದು. ಧೂಳು, ನೀರು, ಪೆಟ್ಟು ಯಾವುದೂ ಒಳಗೆ ಹೋಗಬಾರದೆಂದು ಪೆಟ್ಟಿಗೆಯನ್ನು ಮಾಡಿರುತ್ತಾರೆ. ಗಣಕವಾದರೋ ತಾನು ನುಂಗಿದ ವಿದ್ಯುಚ್ಛಕ್ತಿಯನ್ನೆಲ್ಲ ಕಟ್ಟಕಡೆಗೆ ಶಾಖವನ್ನಾಗಿ ಮಾಡಿ ಹೊರಕ್ಕೆ ಬಿಡಬೇಕು. ಈ ಎರಡು ಧರ್ಮಗಳಿಗೆ ಸಂಧಿಮಾಡಿಸುವುದೇ ಇಲ್ಲಿಯ ವಿದ್ಯೆ. ಉಳಿದುದೆಲ್ಲ ತಿರುಪು ಬಿಗಿಯುವ ಕೆಲಸ. ಈ ವಿಚಾರವನ್ನು ಮರೆತು, ಪೆಟ್ಟಿಗೆಯಲ್ಲಿ ಹಿಡಿಸಿತೆಂಬ ಸಂತೋಷದಲ್ಲಿಯೇ ಕೆಲಸವನ್ನು ಮುಗಿಸಿದರೆ ಯಂತ್ರವು ಬೇಗ ಕೆಡುವುದಷ್ಟೇ ಅಲ್ಲ, ಮನೆಗೂ ಮನೆಯವರಿಗೂ ಅಪಾಯವುಂಟು.

ಮೊದಲು ಅಳತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಒಳಗಡೆ ೪೫ ಸೆಂಟಿಮೀಟರು ಉದ್ದ, ೩೩ ಅಗಲ, ೧೫ ಆಳವಿರುವ ಗಟ್ಟಿ ಸೂಟ್‌ಕೇಸನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ‘ಮಿನಿ ಐಟಿಎಕ್ಸ್’ ಎಂಬ ಜಾತಿಯ ಮದರ್‌ಬೋರ್ಡು ೧೭ ಸೆಂಟಿಮೀಟರಿನ ಚೌಕ. ಇದೇ ನಮಗೆ ತಕ್ಕುದು. ಸಾಮಾನ್ಯ ಡೆಸ್ಕ್‌ಟಾಪುಗಳಲ್ಲಿರುವ ‘ಎಟಿಎಕ್ಸ್’ ಬೋರ್ಡು ೩೦.೫ ಉದ್ದ, ೨೪.೪ ಅಗಲವಿದ್ದು ಪೆಟ್ಟಿಗೆಯನ್ನೆಲ್ಲ ತಾನೇ ಆಕ್ರಮಿಸಿಬಿಡುವುದು. ‘ಎಸ್‌ಎಫ್‌ಎಕ್ಸ್’ ಜಾತಿಯ ಪವರ್ ಸಪ್ಲೈ ೧೨.೫ ಅಗಲ, ೧೦ ಉದ್ದ, ೬.೩ ಎತ್ತರವಿರುವುದು. ೧೫.೬ ಅಂಗುಲದ ಲ್ಯಾಪ್‌ಟಾಪ್ ಪರದೆಯಲ್ಲಿ ಚಿತ್ರ ಮೂಡುವ ಭಾಗವು ಸುಮಾರು ೩೪.೪ ಉದ್ದ, ೧೯.೪ ಅಗಲ, ಅಂಚು ಸೇರಿದರೂ ಅದು ಮುಚ್ಚಳದಲ್ಲಿ ಸುಖವಾಗಿ ಕುಳಿತುಕೊಳ್ಳುತ್ತದೆ. ಕೆಟ್ಟುಹೋದ ಲ್ಯಾಪ್‌ಟಾಪಿನ ಪರದೆಯು ಸರಿಯಾಗಿದ್ದರೆ ಅದನ್ನೇ ಬಿಚ್ಚಿ ಉಪಯೋಗಿಸಬಹುದು. ಆ ಪರದೆಯ ನಂಬರಿಗೆ ಹೊಂದುವ ಚಿಕ್ಕ ಕಂಟ್ರೋಲರ್ ಬೋರ್ಡನ್ನು ಮಾತ್ರ ಬೇರೆಯಾಗಿ ಕೊಳ್ಳಬೇಕು. ಬೆಂಗಳೂರಿನವರಿಗೆ ಇಂತಹ ಬಿಡಿಭಾಗಗಳ ಅಂಗಡಿಗಳು ಸಾಲಾಗಿರುವ ಎಸ್. ಪಿ. ರಸ್ತೆಯ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ.

ಭಾಗಗಳನ್ನು ಕೊಳ್ಳುವುದಕ್ಕೆ ಮುಂಚೆ ರಟ್ಟಿನಲ್ಲಿ ಒಂದೊಂದರ ಆಕೃತಿಯನ್ನೂ ಕತ್ತರಿಸಿ ಪೆಟ್ಟಿಗೆಯಲ್ಲಿ ಜೋಡಿಸಿ ನೋಡತಕ್ಕದ್ದು. ಬೋರ್ಡಿನ ಮೇಲೆ ನಿಲ್ಲುವ ಫ್ಯಾನಿನ ಎತ್ತರ, ಹಿಂದೆ ಚುಚ್ಚುವ ತಂತಿಗಳ ತಲೆಗಳು ಬೇಡುವ ಮೂರು ನಾಲ್ಕು ಸೆಂಟಿಮೀಟರಿನ ತೆರಪು, ಮುಚ್ಚಳ ಮುಚ್ಚಿದಾಗ ಪರದೆಗೂ ಕೆಳಗಣ ಭಾಗಗಳಿಗೂ ನಡುವೆ ಉಳಿಯುವ ಅಂತರ, ಕೀಲಿಮಣೆಯನ್ನೂ ಮೌಸನ್ನೂ ಇಡುವ ಜಾಗ,—ಇವೆಲ್ಲ ರಟ್ಟಿನಲ್ಲಿಯೇ ಗೊತ್ತಾಗುತ್ತವೆ. ರಟ್ಟಿಗೆ ಕಾಸು ಬೀಳದು. ಒಮ್ಮೆ ಕೊರೆದ ಪೆಟ್ಟಿಗೆಯ ತೂತನ್ನಾದರೋ ಮುಚ್ಚಲಾಗದು.

ಇನ್ನು ಶಾಖದ ವಿಚಾರ. ಬೇರೆ ಗ್ರಾಫಿಕ್ಸ್ ಕಾರ್ಡನ್ನು ಬೇಡದೆ, ಚಿತ್ರ ತೋರಿಸುವ ಶಕ್ತಿಯನ್ನು ತನ್ನೊಳಗೇ ಹೊಂದಿರುವ ೬೫ ವಾಟಿನ ಪ್ರೊಸೆಸರನ್ನು ಆರಿಸಿಕೊಂಡೆವೆನ್ನೋಣ. ಭಾರವಾದ ಕೆಲಸದಲ್ಲಿ ಯಂತ್ರವೆಲ್ಲ ಸೇರಿ ೧೦೦ ವಾಟು ನುಂಗುವುದೆಂದು ಲೆಕ್ಕ ಹಿಡಿಯಬಹುದು. ಹೊರಗಿನ ಗಾಳಿಗಿಂತ ಒಳಗಿನ ಗಾಳಿಯು ೧೦ ಡಿಗ್ರಿಗಿಂತ ಹೆಚ್ಚು ಕಾಯಬಾರದೆಂದು ನಿಯಮವಿಟ್ಟುಕೊಂಡರೆ, ಸೆಕೆಂಡಿಗೆ ೮ ಲೀಟರಿಗೂ ತುಸು ಮಿಗಿಲಾದ ಗಾಳಿಯು ಪೆಟ್ಟಿಗೆಯನ್ನು ಹಾದುಹೋಗಬೇಕು. ನಮ್ಮ ಪೆಟ್ಟಿಗೆಯಲ್ಲಿ ಹಿಡಿಸುವ ಗಾಳಿ ಹೆಚ್ಚೆಂದರೆ ೨೨ ಲೀಟರು. ಆದುದರಿಂದ ಮೂರು ಸೆಕೆಂಡು ಕಳೆಯುವಷ್ಟರೊಳಗೆ ಒಳಗಿನ ಗಾಳಿಯೆಲ್ಲ ಹೊರಕ್ಕೆ ಹೋಗಿ ಹೊಸ ಗಾಳಿಯು ತುಂಬಬೇಕೆಂದಾಯಿತು. ಇದನ್ನು ಕೇಳಿದಮೇಲೆ, ಅಂದವು ಕೆಡುವುದೆಂದು ಬೆರಳು ತೂರುವಷ್ಟು ನಾಲ್ಕು ತೂತುಗಳನ್ನು ಕೊರೆದು ಸುಮ್ಮನಾಗುವುದು ಸರಿಯಲ್ಲವೆಂಬುದು ತಾನಾಗಿ ತಿಳಿಯುವುದು. ರಾಯಚೂರು ಕಲಬುರಗಿಗಳ ಕಡೆ ಬೇಸಿಗೆಯಲ್ಲಿ ಹೊರಗಣ ಶಾಖವೇ ೪೦ ಡಿಗ್ರಿಯನ್ನು ದಾಟುವುದುಂಟು; ಅಲ್ಲಿ ಪೆಟ್ಟಿಗೆಯೊಳಗೆ ೫೦ ಡಿಗ್ರಿ ಸಹಜವೆಂದೇ ತಿಳಿದು ಕಿಂಡಿಗಳನ್ನು ಇನ್ನಷ್ಟು ವಿಶಾಲಗೊಳಿಸಬೇಕು.

೧೨ ಸೆಂಟಿಮೀಟರಿನ ಒಂದು ಫ್ಯಾನು ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಆದರೆ ಅದಕ್ಕೆ ದಾರಿ ಬೇಕು. ಅದರ ಬಾಯಿಯ ವಿಸ್ತಾರವು ಸುಮಾರು ೧೧೩ ಚದರ ಸೆಂಟಿಮೀಟರು. ಗಾಳಿಯು ಒಳಗೆ ಬರುವ ಕಿಂಡಿಗಳ ಒಟ್ಟು ವಿಸ್ತಾರವು ಅದಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಪೆಟ್ಟಿಗೆಯ ಗೋಡೆಯಲ್ಲಿ ಅಷ್ಟು ಎತ್ತರ ದೊರೆಯದಿದ್ದರೆ ೮ ಸೆಂಟಿಮೀಟರಿನ ಎರಡು ಫ್ಯಾನುಗಳನ್ನು ಪಕ್ಕಪಕ್ಕದಲ್ಲಿ ಕೂಡಿಸಬಹುದು. ಒಂದು ಮಗ್ಗುಲಿನ ಕೆಳಭಾಗದಲ್ಲಿ ಗಾಳಿಯ ಪ್ರವೇಶ. ಎದುರು ಮಗ್ಗುಲಿನ ಮೇಲ್ಭಾಗದಲ್ಲಿ ನಿರ್ಗಮ. ಹೊರಕ್ಕೆ ದೂಡುವ ಫ್ಯಾನು ನಿರ್ಗಮದ ಬಳಿ. ಎರಡನ್ನೂ ಒಂದೇ ಮಗ್ಗುಲಿನಲ್ಲಿಟ್ಟರೆ ಬಿಸಿಯಾಗಿ ಹೊರಬಿದ್ದ ಗಾಳಿಯೇ ಮತ್ತೆ ಒಳಕ್ಕೆ ಬರುವುದು. ಧೂಳನ್ನು ತಡೆಯುವುದಕ್ಕಾಗಿ ಪ್ರವೇಶದ ಕಿಂಡಿಗೆ ನೈಲಾನಿನ ಸೊಳ್ಳೆಜಾಲರಿಯ ತುಂಡೊಂದನ್ನು ಕಟ್ಟಿ, ತಿಂಗಳಿಗೊಮ್ಮೆ ಬಿಚ್ಚಿ ತೊಳೆದು ಒಣಗಿಸಿ ಹಾಕಿದರಾಯಿತು. ದಪ್ಪ ಬಟ್ಟೆಯನ್ನು ಕಟ್ಟಿದರೆ ಧೂಳಿನೊಂದಿಗೆ ಗಾಳಿಯೂ ನಿಲ್ಲುತ್ತದೆ. ಪೆಟ್ಟಿಗೆಯ ಒಳಮೈಗೆ ಅಂಟಿಸಿರುವ ಬಟ್ಟೆಯನ್ನೂ ಸ್ಪಂಜನ್ನೂ ಕಿತ್ತುಹಾಕಲೇಬೇಕು. ಹಳೆಯ ಸ್ಪಂಜು ಪುಡಿಪುಡಿಯಾಗಿ ಉದುರಿ ಫ್ಯಾನಿಗೆ ಸೇರುವುದಲ್ಲದೆ ಬೆಂಕಿಗೂ ಬೇಗ ತುತ್ತಾಗುವ ವಸ್ತು.

ಕಿಂಡಿ ಕೊರೆಯುವ ಕೆಲಸವೆಲ್ಲ ಮುಗಿದು, ಪೆಟ್ಟಿಗೆಯನ್ನು ಕೊಡವಿ ಒದ್ದೆಬಟ್ಟೆಯಿಂದ ಒರಸಿ ಒಣಗಿಸಿದಮೇಲೆಯೇ ಯಂತ್ರದ ಭಾಗಗಳನ್ನು ಒಳಗಿಡತಕ್ಕದ್ದು. ಲೋಹದ ಒಂದು ಚೂರು ಬೋರ್ಡಿನ ಮೇಲೆ ಬಿದ್ದರೆ ಎರಡು ತಂತುಗಳಿಗೆ ಸೇತುವೆಯಾಗಿ ಬೋರ್ಡನ್ನೇ ಸುಡಬಲ್ಲುದು. ಕೊರೆಯುವಾಗ ಕಣ್ಣಿಗೆ ಕನ್ನಡಕವಿರಲಿ. ಕೊರೆದ ಅಂಚುಗಳನ್ನು ಅರದಿಂದ ತೀಡಿ, ತಂತಿಗಳು ಹಾಯುವಲ್ಲಿ ರಬ್ಬರಿನ ಬಳೆಯನ್ನು ಕೂಡಿಸಬೇಕು.

ಪ್ರಯಾಣದ ಪೆಟ್ಟಿಗೆಗೆ ಪೆಟ್ಟು ತಪ್ಪಿದ್ದಲ್ಲ. ಆದುದರಿಂದ ತಿರುಗುವ ಹಾರ್ಡ್‌ಡಿಸ್ಕನ್ನು ಇಡದೆ, ಚಲಿಸುವ ಭಾಗವೇ ಇಲ್ಲದ ಎಸ್‌ಎಸ್‌ಡಿಯನ್ನು ಇಡುವುದು ಮೇಲು. ಮೊದಲಿನದರಲ್ಲಿ ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುವ ತಟ್ಟೆಯ ಮೇಲೆ, ಕೂದಲಿನ ದಪ್ಪದಲ್ಲಿ ಸಾವಿರದೊಂದು ಪಾಲಿಗೂ ಕಡಿಮೆಯಾದ ಅಂತರದಲ್ಲಿ ಓದುವ ಮುಳ್ಳು ತೇಲುತ್ತಿರುತ್ತದೆ. ಅಂತಹ ಸೂಕ್ಷ್ಮವಸ್ತುವು ನಮ್ಮ ರಸ್ತೆಗಳನ್ನು ತಾಳುವುದೆಂದು ನಂಬಬಾರದು. ಪ್ರೊಸೆಸರಿನ ಮೇಲೆ ಗೋಪುರದಂತೆ ನಿಲ್ಲುವ ಭಾರದ ಕೂಲರನ್ನು ಬಿಟ್ಟು ಗಿಡ್ಡನೆಯದನ್ನು ಆರಿಸಬೇಕು. ಬೋರ್ಡನ್ನು ನೇರವಾಗಿ ಪೆಟ್ಟಿಗೆಯ ತಳಕ್ಕೆ ಬಿಗಿಯದೆ, ಮೊದಲು ಅಲ್ಯುಮಿನಿಯಮ್ಮಿನ ತಗಡೊಂದಕ್ಕೆ ಹಿತ್ತಾಳೆಯ ಗಿಡ್ಡ ಕಂಬಗಳ ಮೇಲೆ ಬಿಗಿದು, ಆ ತಗಡನ್ನು ರಬ್ಬರಿನ ಬಿಲ್ಲೆಗಳ ಮೇಲೆ ತಳಕ್ಕೆ ಕೂಡಿಸಿದರೆ ಪೆಟ್ಟೆಲ್ಲ ರಬ್ಬರಿನ ಪಾಲಾಗುತ್ತದೆ. ಪರದೆಯ ಮುಂದೆ ೩ ಮಿಲಿಮೀಟರಿನ ಪಾರದರ್ಶಕ ಅಕ್ರಿಲಿಕ್ ಹಲಗೆಯೊಂದು ಕಾವಲಿರಲಿ. ಮುಚ್ಚಳವು ಹಿಂದಕ್ಕೆ ಬಿದ್ದು ಪೆಟ್ಟಿಗೆಯನ್ನೇ ಮಗುಚದಂತೆ ಎರಡು ಕಡೆಯೂ ತಡೆಕಡ್ಡಿ ಬೇಕು. ಮುಚ್ಚಳಕ್ಕೆ ಹೋಗುವ ತಂತಿಯನ್ನು ಕೀಲಿನ ಬಳಿ ಬಿಗಿಯಾಗಿ ಎಳೆಯದೆ ಒಂದು ಸುತ್ತು ಸಡಿಲವಾಗಿ ಬಿಡಬೇಕು. ಇಲ್ಲವಾದರೆ ತೆರೆದು ಮುಚ್ಚಿ ಮಾಡುವುದರಿಂದಲೇ ತಂತಿಯು ಒಳಗೊಳಗೆ ಮುರಿಯುವುದು.

ಈಗ ಎಲ್ಲಕ್ಕಿಂತ ಮುಖ್ಯವಾದ ವಿದ್ಯುತ್ತಿನ ಮಾತು. ನಮ್ಮ ಗೋಡೆಯಲ್ಲಿರುವುದು ೨೩೦ ವೋಲ್ಟು. ಈ ಕೆಲಸವನ್ನು ಮೊದಲ ಸಲ ಮಾಡುವವರು, ಲ್ಯಾಪ್‌ಟಾಪಿನಂತೆ ಹೊರಗಣ ಅಡಾಪ್ಟರಿನಿಂದ ೧೯ ವೋಲ್ಟನ್ನು ತೆಗೆದುಕೊಳ್ಳುವ ಮಿನಿ ಐಟಿಎಕ್ಸ್ ಬೋರ್ಡನ್ನೇ ಆರಿಸಿಕೊಳ್ಳಲೆಂದು ನಾವು ಒತ್ತಿ ಹೇಳುತ್ತೇವೆ. ಆಗ ಅಪಾಯದ ವಿದ್ಯುತ್ತು ಪೆಟ್ಟಿಗೆಯ ಹೊಸ್ತಿಲನ್ನೇ ದಾಟುವುದಿಲ್ಲ. ಪವರ್ ಸಪ್ಲೈಯನ್ನು ಒಳಗೇ ಇಡುವವರು, ಅದರ ಸ್ವಂತ ಸಾಕೆಟ್ಟು ಪೆಟ್ಟಿಗೆಯ ಗೋಡೆಯ ಕಿಂಡಿಯಿಂದ ಹೊರಕ್ಕೆ ಕಾಣುವಂತೆ ಅದನ್ನು ಬಿಗಿಯಬೇಕು. ೨೩೦ ವೋಲ್ಟಿನ ಒಂದು ತಂತಿಯನ್ನಾದರೂ ಒಳಗೆ ಹೊಸದಾಗಿ ಎಳೆಯಬಾರದು. ಪವರ್ ಸಪ್ಲೈಯ ಡಬ್ಬಿಯನ್ನು ಯಾವ ಕಾರಣಕ್ಕೂ ಬಿಚ್ಚಕೂಡದು. ಪ್ಲಗ್ಗು ಕಿತ್ತ ಮೇಲೆಯೂ ಅದರೊಳಗಣ ಕೆಪಾಸಿಟರಿನಲ್ಲಿ ೩೦೦ ವೋಲ್ಟಿಗೂ ಮಿಗಿಲಾದ ವಿದ್ಯುತ್ತು ಅಡಗಿರಬಹುದು. ಅದು ಪ್ರಾಣಕ್ಕೆ ಬರುವಂತಹುದು.

ಪೆಟ್ಟಿಗೆಯು ಲೋಹದ್ದಾದರೆ ಅರ್ತಿಂಗಿನ ವಿಷಯದಲ್ಲಿ ಎಳ್ಳಷ್ಟೂ ಉದಾಸೀನ ಸಲ್ಲದು. ಕೆಲವು ಮನೆಗಳಲ್ಲಿ ಕಂಪ್ಯೂಟರಿನ ಮೈ ಮುಟ್ಟಿದರೆ ಕೈ ಜುಮ್ಮೆನ್ನುವುದನ್ನು ವಾಚಕರು ಅನುಭವಿಸಿರಬಹುದು. ಪವರ್ ಸಪ್ಲೈಯಲ್ಲಿರುವ ಚಿಕ್ಕ ಕೆಪಾಸಿಟರುಗಳು, ವಿದ್ಯುತ್ತಿನ ಕಲಮಲವನ್ನು ಶೋಧಿಸುವಾಗ, ಅಲ್ಪವಾದ ವಿದ್ಯುತ್ತನ್ನು ಲೋಹದ ಮೈಗೆ ಬಿಡುತ್ತವೆ. ಅರ್ತಿಂಗು ಸರಿಯಾಗಿದ್ದರೆ ಅದು ಭೂಮಿಗೆ ಇಳಿದುಹೋಗುತ್ತದೆ. ಇಲ್ಲವಾದರೆ ಮುಟ್ಟಿದವರ ಮೈಯೇ ಅದಕ್ಕೆ ದಾರಿ. ಜುಮ್ಮೆನ್ನುವುದು ಸಣ್ಣ ವಿಷಯವೆಂದು ತೋರಬಹುದು. ಆದರೆ ಮುಂದೆಂದಾದರೂ ಒಳಗಿನ ತಂತಿ ಸಡಿಲವಾಗಿ ಪೆಟ್ಟಿಗೆಗೆ ತಗುಲಿದರೆ ಕಾಪಾಡಲು ಅರ್ತಿಂಗಿಲ್ಲವೆಂಬ ಎಚ್ಚರಿಕೆ ಅದು. ಮೂರು ಕಡ್ಡಿಗಳ ಪ್ಲಗ್ಗಿನಲ್ಲಿ ಅರ್ತಿಂಗಿನ ಕಡ್ಡಿಯನ್ನು ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಮಾಡಿರುವುದು, ವಿದ್ಯುತ್ತು ಬರುವ ಮೊದಲೇ ರಕ್ಷಣೆ ಬಂದಿರಲೆಂದು. ಅದನ್ನು ಮುರಿದು ಎರಡು ಕಡ್ಡಿಯ ಸಾಕೆಟ್ಟಿಗೆ ಹಾಕುವುದು ಮಕ್ಕಳಿರುವ ಮನೆಯಲ್ಲಿ ಮಾಡತಕ್ಕ ಕೆಲಸವಲ್ಲ. ಊರಿಂದೂರಿಗೆ ಹೋಗುವ ಯಂತ್ರವು ಹತ್ತು ಮನೆಗಳ ಗೋಡೆಗೆ ಸೇರತಕ್ಕದ್ದು. ಹೊಸ ಮನೆಗೆ ಹೋದೊಡನೆ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ಸಾಕೆಟ್ಟನ್ನು ಪರೀಕ್ಷೆಮಾಡಿಸಿ, ಆಮೇಲೆ ಪೆಟ್ಟಿಗೆಯನ್ನು ತೆರೆಯುವುದು ವಿವೇಕ.

ಭಾಗಗಳನ್ನು ಪೆಟ್ಟಿಗೆಗೆ ಸೇರಿಸುವ ಮೊದಲು ಬರಿಯ ಮೇಜಿನ ಮೇಲೆ ಜೋಡಿಸಿ ಒಂದು ದಿನ ನಡೆಸಿ ನೋಡಿರಿ. ಹೊಸ ಭಾಗದಲ್ಲಿ ದೋಷವಿದ್ದರೆ ಅಂಗಡಿಗೆ ಹಿಂದಿರುಗಿಸಲು ಅನುಕೂಲ. ಪೆಟ್ಟಿಗೆಗೆ ಸೇರಿಸಿದಮೇಲೆ ಭಾರವಾದ ಕೆಲಸವನ್ನು ಕೊಟ್ಟು ಒಂದು ಗಂಟೆ ನಡೆಸಿ, ಪ್ರೊಸೆಸರಿನ ಶಾಖವನ್ನು ಪರದೆಯ ಮೇಲೆ ಓದಿರಿ. ಸಾಮಾನ್ಯವಾಗಿ ಪ್ರೊಸೆಸರುಗಳು ೯೫ರಿಂದ ೧೦೦ ಡಿಗ್ರಿಯ ಹತ್ತಿರಕ್ಕೆ ಬಂದಾಗ ತಮ್ಮನ್ನು ಕಾಪಾಡಿಕೊಳ್ಳಲು ತಾವೇ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ೮೫ ದಾಟಿದರೆ ಕಿಂಡಿಯು ಸಾಲದೆಂದೇ ತಿಳಿದು ಮತ್ತೆ ಅರವನ್ನು ಕೈಗೆ ತೆಗೆದುಕೊಳ್ಳಬೇಕು. ಇಂತಹ ಪರೀಕ್ಷೆಯನ್ನು ಚಳಿಗಾಲದಲ್ಲಿ ಮಾಡಿದವರು ಏಪ್ರಿಲಿನಲ್ಲಿ ಇನ್ನೊಮ್ಮೆ ಮಾಡುವುದು ಒಳ್ಳೆಯದು.

ಕಡೆಯದಾಗಿ ಮನೆಯವರೆಲ್ಲರೂ, ವಿಶೇಷವಾಗಿ ಮಕ್ಕಳು, ಅರಿತಿರಬೇಕಾದ ನಿಯಮವೊಂದುಂಟು. ಲ್ಯಾಪ್‌ಟಾಪನ್ನು ಮಡಿಚಿ ಎದ್ದುಹೋಗುವ ಅಭ್ಯಾಸವು ಈಗ ಎಲ್ಲರಿಗೂ ಆಗಿದೆ. ಈ ಪೆಟ್ಟಿಗೆಯಲ್ಲಿ ಆ ಅಭ್ಯಾಸವು ಕೂಡದು. ಯಂತ್ರವನ್ನು ನಿದ್ರಾವಸ್ಥೆಯಲ್ಲಿ ಬಿಟ್ಟು ಮುಚ್ಚಿದರೆ, ಅದು ತನ್ನ ಯಾವುದೋ ಕೆಲಸದ ನಿಮಿತ್ತ ರಾತ್ರಿ ತಾನಾಗಿ ಎಚ್ಚೆತ್ತು, ಮುಚ್ಚಿದ ಮುಚ್ಚಳದ ಕೆಳಗೆ ಕಾಯುತ್ತ ಕೂಡಬಹುದು. ಆದುದರಿಂದ ಪೂರ್ಣವಾಗಿ ಆರಿಸಿ, ಪ್ಲಗ್ಗು ಕಿತ್ತು, ಹತ್ತು ನಿಮಿಷ ಆರಲು ಬಿಟ್ಟು, ಆಮೇಲೆ ಮುಚ್ಚಬೇಕು. ಮಲೆನಾಡು ಕರಾವಳಿಗಳವರು ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನಿಟ್ಟು, ವಾರಕ್ಕೆರಡು ಸಲವಾದರೂ ಯಂತ್ರವನ್ನು ನಡೆಸುತ್ತಿದ್ದರೆ ತೇವದ ಬಾಧೆ ತಗ್ಗುವುದು. ಆರಿಸುವ, ಕೀಳುವ, ಕಾಯುವ, ಮುಚ್ಚುವ ಈ ನಾಲ್ಕು ಕ್ರಮಗಳನ್ನು ದಪ್ಪಕ್ಷರದಲ್ಲಿ ಬರೆದು ಮುಚ್ಚಳದ ಒಳಗಡೆ, ಪರದೆಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಅಂಟಿಸಿಟ್ಟರೆ ಕೆಲಸವು ಪೂರ್ತಿಯಾದಂತೆ.